ಮುನಿಯಮ್ಮನ ಬೀಜ, ಮೂಡಣದ ಹೊಗೆ

ಕೋಲಾರ ಸೀಮೆಯ ತಾಯಲೂರಿನಿಂದ ಎರಡು ಮೈಲಿ ನಡೆದರೆ ಸಿಗುವ ಮದ್ದಿನಕುಂಟೆಯಲ್ಲಿ ಯಾರ ತೋಟದ ಹುರುಳಿಕಾಯಿ ತಿಂದರೂ ಅದು ದೊಡ್ಡಮುನಿಯಮ್ಮನ ಮನೆಯದೇ. ಹೀಗೆಂದು ದೊಡ್ಡಮುನಿಯಮ್ಮನೇ ಹೇಳುತ್ತಿದ್ದಳು. ಒಂದು ಸಲವಲ್ಲ, ಕೇಳುವ ಕಿವಿ ಸಿಕ್ಕಾಗಲೆಲ್ಲ. ಜಂಬದ ಮಾತು ನಿಜ, ಆದರೆ ಸುಳ್ಳಲ್ಲ. ಹದಿನೈದನೇ ವಯಸ್ಸಿಗೆ ಶ್ರೀನಿವಾಸಪುರದ ಕಡೆಯಿಂದ ಮದುವೆಯಾಗಿ ಬರುವಾಗ ಅವಳು ಸೆರಗಿನ ತುದಿಯಲ್ಲಿ ಎರಡು ಹಿಡಿ ಬೀಜ ಗಂಟು ಕಟ್ಟಿಕೊಂಡು ಬಂದಿದ್ದಳು. ನಾರಿಲ್ಲದ, ಮುರಿದರೆ ಪಟ್ಟೆನ್ನುವ ಕಾಯಿಯ ಬೀಜ. ಮೂವತ್ತು ವರ್ಷ ಕಳೆಯುವುದರೊಳಗೆ ಆ ಎರಡು ಹಿಡಿ ಅಟ್ಟದ ಮೇಲಿನ ಆರು ಮಡಕೆ ತುಂಬಿ, ಊರಿನ ಹದಿನೈದು ಬಾವಿ ತೋಟಗಳಿಗೆ ಹರಡಿತ್ತು.

ಆ ಬೀಜ ಮಾರುವ ಸರಕಾಗಿರಲಿಲ್ಲ. ಸಂಕ್ರಾಂತಿ ಕಳೆದ ಮೊದಲ ಸೋಮವಾರ ಬೆಳಿಗ್ಗೆ ಪ್ರತಿ ಮನೆಯಿಂದ ಒಬ್ಬ ಹೆಂಗಸು ಮೊರದಲ್ಲಿ ಅರಿಶಿನ ಕುಂಕುಮ, ಎಲೆ ಅಡಿಕೆ ಇಟ್ಟುಕೊಂಡು ಮುನಿಯಮ್ಮನ ಬಾಗಿಲಿಗೆ ಬರಬೇಕು. ಅವಳು ಬೂದಿಯಲ್ಲಿ ಹೊರಳಿಸಿಟ್ಟ ಬೀಜವನ್ನು ಕೇರಿ, ಆ ಮೊರಕ್ಕೆ ಅಳೆದು ಸುರಿಯಬೇಕು. ಬೆಳೆ ಬಂದ ಮೇಲೆ ಗಿಡದ ನಡುಮಟ್ಟದ ಒಳ್ಳೆಯ ಕಾಯಿಗಳನ್ನು ಒಣಗಿಸಿ ಅಷ್ಟೇ ಬೀಜ ವಾಪಸು ತರಬೇಕು. ತಂದದ್ದನ್ನು ಮುನಿಯಮ್ಮ ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದಳು. ಬೀಜಕ್ಕೆಂದು ಬಿಟ್ಟ ಕಾಯಿಯನ್ನು ಸಾರಿಗೆ ಕಿತ್ತ ಒಂದು ಮನೆಗೆ ಎರಡು ವರ್ಷ ಬೀಜ ಕೊಡದೆ ಸತಾಯಿಸಿದವಳು ಅವಳು. ಗಂಡ ಚನ್ನರಾಯಪ್ಪ ಸಾಧು ಮನುಷ್ಯ. ಹೆಂಡತಿಯ ಬಾಯಿ ಊರಿಗೆಲ್ಲ ಕೇಳುತ್ತದೆಂದು ಗೊತ್ತಿದ್ದರಿಂದ ತನ್ನ ಬಾಯಿಯನ್ನು ಎತ್ತುಗಳ ಜೊತೆ ಮಾತ್ರ ಬಳಸುತ್ತಿದ್ದ.

ಎಪ್ಪತ್ತನಾಲ್ಕನೇ ಇಸವಿ, ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ಹುರುಳಿಕಾಯಿ ಗಿಡಗಳು ಹೂವಿಗೆ ಬಂದಿದ್ದವು. ಒಂದು ಬೆಳಿಗ್ಗೆ ಮೂಡಣದಿಂದ ಹೊಗೆ ಬಂತು. ಗಡಿಯಾಚೆಯ ಕಾಡು ಹತ್ತಿಕೊಂಡಿದೆ, ಹಗಲಲ್ಲೇ ದೀಪ ಹಾಕಿಕೊಂಡು ಲಾರಿ ಓಡಿಸಿದೆವು ಎಂದು ನಂಗಲಿಯಲ್ಲಿ ಚಹಾಕ್ಕೆ ನಿಂತ ಡ್ರೈವರುಗಳು ಹೇಳಿದ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಮದ್ದಿನಕುಂಟೆಗೂ ಮುಟ್ಟಿತು. ಎರಡು ದಿನ ಸೂರ್ಯ ತಾಮ್ರದ ತಟ್ಟೆಯಂತೆ ಮಂಕಾಗಿ ಕಂಡ. ಕಣ್ಣು ಉರಿಯಿತು, ಒಗೆದು ಹರವಿದ ಬಟ್ಟೆ ಒಲೆಯ ಮುಂದಿಟ್ಟಂತೆ ನಾರಿತು. ಬೇಸಿಗೆಯಲ್ಲಿ ಇದೇನು ಹೊಸದಲ್ಲವೆಂದು ಜನ ತಲೆ ಕೆಡಿಸಿಕೊಳ್ಳಲಿಲ್ಲ.

ಮೂರನೇ ದಿನ ಹೊಗೆ ತೆಳುವಾಯಿತು. ದೂರದ ಬೆಟ್ಟಗಳು ಹಾಲಿನ ಹಿಂದೆ ಇದ್ದಂತೆ ಕಂಡರೂ ನೆತ್ತಿಯ ಮೇಲೆ ಬಿಸಿಲು ಸುಡತೊಡಗಿತು. ಪೀಡೆ ತೊಲಗಿತು ಎಂದು ಎಲ್ಲರೂ ಅಂದುಕೊಂಡರು. ಚನ್ನರಾಯಪ್ಪನಿಗೆ ಮಾತ್ರ ದಟ್ಟ ಹೊಗೆಯಲ್ಲಿ ಬಾರದ ಎದೆ ಹಿಡಿತ ಆ ಮಧ್ಯಾಹ್ನ ಬಂತು. ಇಷ್ಟು ಬಿಸಿಲಿಗೆ ಗಿಡ ಬಾಡೀತೆಂದು ಊರಿನ ರೈತರು ಪಾತಿಗಳಿಗೆ ಬೆಳಿಗ್ಗೆಯೂ ನೀರು, ಸಂಜೆಯೂ ನೀರು ಬಿಟ್ಟರು. ಬೆಳೆಯನ್ನು ಮಕ್ಕಳಂತೆ ಸಾಕುವ ಜನ ಮಾಡುವ ಕೆಲಸವೇ ಅದು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಐದಾರು ದಿನ ಕಳೆದ ಮೇಲೆ ಎಲೆಗಳ ಮೇಲೆ ಚುಕ್ಕಿ ಬಿತ್ತು. ಮೊದಲು ಸಾಸಿವೆಗಿಂತ ಸಣ್ಣ ಕಂದು ಚುಕ್ಕಿ, ಆಮೇಲೆ ಚುಕ್ಕಿ ಚುಕ್ಕಿ ಕೂಡಿ ಎಲೆಯೆಲ್ಲ ಕಂಚಿನ ಬಣ್ಣ. ಹಳೆಯ ಎಲೆಗಳು ಹಳದಿಯಾಗಿ ಉದುರಿದವು. ಬಿಟ್ಟ ಕಾಯಿ ಸೊಟ್ಟಗೆ, ಕಿರಿದಾಗಿ ಉಳಿದುಬಿಟ್ಟವು.

ಊರಿನ ದೊಡ್ಡ ತೋಟ ವೆಂಕಟರಾಯಪ್ಪನದು. ಚನ್ನರಾಯಪ್ಪನ ದೊಡ್ಡಪ್ಪನ ಮಗ, ಮುನಿಯಮ್ಮನಿಗೆ ಭಾವ. ಬಾವಿಗೆ ಮೊದಲು ಮೋಟಾರು ಹಾಕಿಸಿದವನು, ಕೋಲಾರದ ಮಾರ್ಕೆಟ್ಟಿಗೆ ಮೊದಲು ಗಾಡಿ ಹೊಡೆದವನು. ಅವನು ಟವೆಲಿನ ತುಂಬ ಚುಕ್ಕಿ ಬಿದ್ದ ಎಲೆ ತಂದು ಅರಳೀಕಟ್ಟೆಯ ಮೇಲೆ ಸುರಿದು, ಊರಿನವರನ್ನೆಲ್ಲ ಸೇರಿಸಿ, ಮುನಿಯಮ್ಮನನ್ನೂ ಕರೆಸಿದ.

"ಏನಮ್ಮಾ ಮುನಿಯಮ್ಮ, ಈ ಸಲ ಬೀಜದ ಜೊತೆ ರೋಗಾನೂ ಅಳ್ದು ಕೊಟ್ಯಾ?"

ಪಕ್ಕದಲ್ಲಿ ಸೈಕಲ್ಲು ಹಿಡಿದು ನಿಂತಿದ್ದ, ರೈತರಿಗೆ ಸಲಹೆ ಕೊಡುವ ಸರ್ಕಾರಿ ಗ್ರಾಮಸೇವಕ ಎಲೆ ನೋಡಿ ತಲೆಯಾಡಿಸಿದ. ಇನ್ನೂ ಮೀಸೆ ಗಟ್ಟಿಯಾಗದ ವಯಸ್ಸು, ಮನುಷ್ಯ ಕೆಟ್ಟವನಲ್ಲ. ಆದರೆ ಅವನು ಓದಿದ ಪುಸ್ತಕದಲ್ಲಿ ಇಂಥ ಚುಕ್ಕಿಗೆ ಬೇರೆ ಪುಟವೇ ಇರಲಿಲ್ಲ. "ಇದು ಬೀಜದಿಂದ ಬರೋ ರೋಗ ಅನ್ಸುತ್ತೆ. ಎಲ್ಲಾರೂ ಒಂದೇ ಮನೆ ಬೀಜ ಹಾಕಿದ್ದೀರಲ್ಲ, ಅದಕ್ಕೇ ಎಲ್ಲಾರ್ಗೂ ಬಂದಿದೆ. ಮುಂದಿನ ವರ್ಷ ನಾನೇ ಪ್ಯಾಕೆಟ್ ಬೀಜ ತರಿಸ್ಕೊಡ್ತೀನಿ" ಎಂದ.

ಮುನಿಯಮ್ಮನ ಕಿವಿ ಬಿಸಿಯಾಯಿತು. ತನ್ನನ್ನು ಬೈದರೆ ತಡೆದುಕೊಳ್ಳುವವಳು, ಬೀಜವನ್ನು ಬೈದರೆ ತಡೆದುಕೊಳ್ಳುವವಳಲ್ಲ. ಅವಳು ಕಟ್ಟೆಯ ಹತ್ತಿರಕ್ಕೇ ಬಂದು ನಿಂತಳು.

"ಭಾವ, ಒಂದು ವರ್ಷ ಟೈಮ್ ಕೊಡಿ. ನನ್ನ ಬೀಜದ್ದೇ ತಪ್ಪು ಅಂತ ಕಂಡ್ರೆ ಆರು ಮಡಕೇನೂ ತಂದು ಇದೇ ಕಟ್ಟೆ ಮೇಲೆ ನಾನೇ ಒಡೀತೀನಿ. ಅಲ್ಲ ಅಂತ ಕಂಡ್ರೆ ನೀವೇನು ಮಾಡ್ತೀರಾ, ಹೇಳಿ."

"ಅಲ್ಲ ಅಂತ ಕಂಡ್ರೆ, ನಾನೇ ಮೊರ ಹಿಡ್ಕೊಂಡು ನಿನ್ನ ಬಾಗಿಲಿಗೆ ಬರ್ತೀನಿ ಕಣಮ್ಮ, ಸರೀನಾ?"

ಕಟ್ಟೆ ಗೊಳ್ಳೆಂದು ನಕ್ಕಿತು. ಪಂಚೆ ಉಟ್ಟ ಗಂಡಸು, ಅದರಲ್ಲೂ ವೆಂಕಟರಾಯಪ್ಪ, ಅರಿಶಿನ ಕುಂಕುಮದ ಮೊರ ಹಿಡಿದು ಬೀದಿಯಲ್ಲಿ ನಡೆದು ಬರುವುದೆಂದರೆ ಕೋಳಿ ಹಾಲು ಕೊಟ್ಟಷ್ಟೇ ನಿಜ. ಮುನಿಯಮ್ಮ ನಗಲಿಲ್ಲ. "ಎಲ್ಲಾರೂ ಕೇಳಿಸ್ಕೊಂಡ್ರಲ್ಲ" ಎಂದು ಹೇಳಿ ಮನೆಗೆ ನಡೆದಳು.

ಮಾರನೆಯ ಬೆಳಿಗ್ಗೆಯಿಂದ ಅವಳು ತೋಟ ತೋಟ ಅಲೆಯತೊಡಗಿದಳು. ಬೇರೆಯವರ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಎಲೆ ಮಗುಚಿ ನೋಡುವುದು, ಎದ್ದು ಮುಂದಿನ ತೋಟಕ್ಕೆ ಹೋಗುವುದು. ಅವಳಿಗೆ ಅಕ್ಷರ ಬಾರದು, ಆದರೆ ಎಲೆ ಓದುವುದು ಬರುತ್ತಿತ್ತು. ಹುಳ ಬಿದ್ದರೆ ಎಲೆಯ ಕೆಳಗೆ ಗುರುತು ಇರಬೇಕು. ಇಲ್ಲಿ ಕೆಳಮೈ ತೊಳೆದಿಟ್ಟಂತಿತ್ತು, ಚುಕ್ಕಿಯೆಲ್ಲ ಮೇಲೆಯೇ. ನರಗಳು ಹಸಿರಾಗಿಯೇ ಇದ್ದವು, ಚುಕ್ಕಿ ಇದ್ದದ್ದು ನರಗಳ ನಡುವೆ. ಇನ್ನೊಂದು ವಿಚಿತ್ರ. ಒಂದು ಎಲೆಯ ಮೇಲೆ ಇನ್ನೊಂದು ಎಲೆ ಅರ್ಧ ಕವಿದಿದ್ದ ಕಡೆ, ಕೆಳಗಿನ ಎಲೆಯ ನೆರಳಿನ ಭಾಗದಲ್ಲಿ ಚುಕ್ಕಿಯೇ ಇಲ್ಲ! ಬಿಸಿಲು ಬಿದ್ದಲ್ಲಿ ಚುಕ್ಕಿ, ನೆರಳಿದ್ದಲ್ಲಿ ಶುದ್ಧ ಹಸಿರು, ನಡುವೆ ಗೆರೆ ಎಳೆದಂತೆ.

ಬೀಜದ ರೋಗಕ್ಕೆ ನೆರಳು ಬಿಸಿಲು ಎಂಬ ಭೇದ ಇರುತ್ತದೆಯೇ? ಮುನಿಯಮ್ಮ ಆ ಎಲೆಯನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮಾಲೂರಿನ ಕಡೆಗೆ ಕೊಟ್ಟ ಮಗಳು ಭಾರತಮ್ಮನಿಗೆ ಆ ವರ್ಷ ಇದೇ ಮಡಕೆಯ ಬೀಜ ಹೋಗಿತ್ತು. ಮುನಿಯಮ್ಮ ಬಸ್ಸು ಹತ್ತಿ ಅಲ್ಲಿಗೂ ಹೋಗಿ ಬಂದಳು. ಹೊಗೆ ಅಷ್ಟು ದೂರ ಮುಟ್ಟಿರಲಿಲ್ಲ, ಗಿಡಗಳು ನಗುನಗುತ್ತ ನಿಂತಿದ್ದವು. ಊರಿಗೆ ಬಂದು ಹೇಳಿದರೆ, "ಮಗಳು ತಾಯಿ ಬೀಜ ಕೆಟ್ಟದ್ದು ಅಂತಾಳಾ" ಎಂದು ತಳ್ಳಿಹಾಕಿದರು. ಅವಳಿಗೆ ಸಿಟ್ಟು ನೆತ್ತಿಗೇರಿತು, ಆದರೆ ಧೈರ್ಯವೂ ಬಂತು. ಬೀಜ ಶುದ್ಧ ಎಂದು ಅವಳಿಗೆ ಗೊತ್ತಾಯಿತು. ಇನ್ನು ಊರಿಗೆ ಗೊತ್ತಾಗಬೇಕಿತ್ತು.

ಕೊನೆಗೆ ಗುಟ್ಟು ಸಿಕ್ಕಿದ್ದು ಗಂಗುಲಪ್ಪನ ತೋಟದಲ್ಲಿ. ಗಂಗುಲಪ್ಪ ಎಂದರೆ ಊರಿನಲ್ಲೇ ಮಹಾ ಸೋಮಾರಿ. ಅವನ ತೋಟ ಮುನಿಯಮ್ಮನ ತೋಟಕ್ಕೆ ಅಂಟಿಕೊಂಡೇ ಇತ್ತು, ಬಿತ್ತಿದ್ದು ಅದೇ ಬೀಜ, ಅದೇ ವಾರ. ಗಿಡಗಳು ಕುಳ್ಳಗಿದ್ದವು, ಮಣ್ಣು ಬಿರುಕು ಬಿಟ್ಟಿತ್ತು, ಆದರೆ ಎಲೆಗಳ ಮೇಲೆ ಒಂದೇ ಒಂದು ಚುಕ್ಕಿ ಇರಲಿಲ್ಲ.

"ಲೇ ಗಂಗುಲಪ್ಪ, ಏನ್ಲಾ ಮಾಡ್ದೆ ನಿನ್ನ ಗಿಡಕ್ಕೆ?"

"ಏನೂ ಮಾಡಿಲ್ಲ ಅಕ್ಕಾ, ಸತ್ಯವಾಗ್ಲೂ!" ಗಂಗುಲಪ್ಪ ಗಾಬರಿಯಾದ. ಏನೂ ಮಾಡದಿರುವುದಕ್ಕೆ ಬೈಸಿಕೊಂಡು ಅಭ್ಯಾಸವಿದ್ದವನು. "ಹೊಗೆ ಬಂದಾಗ ನಾನು ಊರಲ್ಲೇ ಇರ್ಲಿಲ್ಲ. ಆವನಿ ಕಡೆ ನೆಂಟ್ರ ಮದ್ವೆಗೆ ಹೋದವ್ನು ಎಂಟು ದಿನ ಅಲ್ಲೇ ಉಳ್ಕೊಂಡೆ. ಗಿಡ ಒಣಗೋಯ್ತು ಅಂತ ನನ್ನ ಹೆಂಡ್ತಿ ಇನ್ನೂ ಬೈತಾನೇ ಅವ್ಳೆ."

"ಎಂಟು ದಿನ ನೀರೇ ಬಿಟ್ಟಿಲ್ವಾ?"

"ಇಲ್ಲ ಅಕ್ಕಾ. ತಪ್ಪಾಯ್ತು."

"ತಪ್ಪಲ್ಲ ಕಣೋ!" ಎಂದು ಕೂಗಿ ಮುನಿಯಮ್ಮ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಜೀವಮಾನದಲ್ಲಿ ಮೊದಲ ಸಲ ತನ್ನ ಸೋಮಾರಿತನವನ್ನು ಒಬ್ಬರು ಮೆಚ್ಚಿದ್ದು ಯಾಕೆಂದು ಗಂಗುಲಪ್ಪನಿಗೆ ಅರ್ಥವಾಗಲಿಲ್ಲ.

ಆಮೇಲೆ ಅವಳಿಗೆ ಒಂದೊಂದಾಗಿ ಹೊಳೆಯಿತು. ಮೋಟಾರಿನಿಂದ ಧಾರಾಳ ನೀರು ಕುಡಿದ ವೆಂಕಟರಾಯಪ್ಪನ ತೋಟವೇ ಎಲ್ಲಕ್ಕಿಂತ ಹೆಚ್ಚು ಕೆಟ್ಟಿತ್ತು. ಎತ್ತು ಹೂಡಿ ಕಪಿಲೆಯಲ್ಲಿ ನೀರೆತ್ತುವವರ ತೋಟ ಸ್ವಲ್ಪ ಕಡಿಮೆ. ನೀರೇ ಕಾಣದ ತೋಟ ಶುದ್ಧ. ಗಂಡನಿಗೆ ಎದೆ ಹಿಡಿದದ್ದೂ ಹೊಗೆ ದಟ್ಟವಾಗಿದ್ದ ದಿನವಲ್ಲ, ತೆಳುವಾಗಿ ಬಿಸಿಲು ಬಿದ್ದ ಮಧ್ಯಾಹ್ನ. ತೆಳುಹೊಗೆಯೂ ಬಿಸಿಲೂ ಸೇರಿದಾಗ ಗಾಳಿಯಲ್ಲಿ ಕಣ್ಣಿಗೆ ಕಾಣದ ಏನೋ ಒಂದು ಹುಟ್ಟುತ್ತದೆ, ಚೆನ್ನಾಗಿ ನೀರು ಕುಡಿದ ಗಿಡವನ್ನು ಅದು ಹಿಡಿಯುತ್ತದೆ. ಅದೇನೆಂದು ಅವಳಿಗೆ ಗೊತ್ತಿರಲಿಲ್ಲ. ಅದು ಇದೆ ಎಂಬುದರಲ್ಲಿ ಅನುಮಾನವಿರಲಿಲ್ಲ.

ಮರುವರ್ಷದ ಸಂಕ್ರಾಂತಿ ಕಳೆದ ಸೋಮವಾರ ಮುನಿಯಮ್ಮ ಬಾಗಿಲು ಸಾರಿಸಿ, ರಂಗೋಲಿ ಹಾಕಿ, ಸೇರು ತೊಳೆದಿಟ್ಟು ಕಾದಳು. ಬಂದದ್ದು ಮೂರೇ ಮೊರ. ಗಂಗುಲಪ್ಪನ ಹೆಂಡತಿಯದು ಒಂದು, ಬಡವರ ಮನೆಗಳವು ಎರಡು. ಉಳಿದವರು ಗ್ರಾಮಸೇವಕ ತರಿಸಿದ ಪ್ಯಾಕೆಟ್ ಬೀಜ ಬಿತ್ತಿದರು. ತುಂಬಿದ್ದ ಮಡಕೆಗಳು ತುಂಬಿದಂತೆಯೇ ಅಟ್ಟಕ್ಕೆ ವಾಪಸು ಹೋದವು. ಬಾಯಿಗೆ ಹೆಸರಾದ ಮುನಿಯಮ್ಮ ಅವತ್ತು ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತಳು. ಚನ್ನರಾಯಪ್ಪ ಒಲೆ ಉರಿಸಿ ತಾನೇ ಮುದ್ದೆ ತೊಳಸಿದ, ಅದು ಗಂಟುಗಂಟಾಗಿತ್ತು, ಇಬ್ಬರೂ ತಿಂದರು.

ಮಾರ್ಚಿನಲ್ಲಿ ಅವಳು ದಿನವೂ ಮೂಡಣ ದಿಕ್ಕು ನೋಡತೊಡಗಿದಳು. ಕಾಡು ಹತ್ತಲಿ ಎಂದು ಬಯಸುವುದು ಪಾಪ, ಅದರಲ್ಲಿ ಎಷ್ಟು ಮರ, ಎಷ್ಟು ಪ್ರಾಣಿ. ಬಯಸಲಿಲ್ಲ ಎಂದರೂ ಸುಳ್ಳಾದೀತು. ಹೊಗೆ ಬಂದ ಬೆಳಿಗ್ಗೆ ಅವಳು ಕೆನ್ನೆ ಕೆನ್ನೆ ಬಡಿದುಕೊಂಡು ದೇವರಿಗೆ ತಪ್ಪುಕಾಣಿಕೆ ಹೇಳಿಕೊಂಡಳು, ಆಮೇಲೆ ಸೀರೆ ಎತ್ತಿ ಕಟ್ಟಿದಳು.

"ಇವತ್ತಿಂದ ಎತ್ತಿಗೆ ರಜ" ಎಂದಳು ಗಂಡನಿಗೆ. "ಕಪಿಲೆ ಹೊಡೀಬೇಡಿ."

"ಲೇ, ಗಿಡ ಹೂವು ಬಿಟ್ಟಿದೆ ಕಣೇ. ಈಗ ನೀರು ನಿಲ್ಸಿದ್ರೆ ಎಲ್ಲಾ ಉದುರೋಗುತ್ತೆ. ಇರೋದೊಂದು ಬೆಳೆ."

"ಉದುರಿದ್ರೆ ಮಡಕೆ ಒಡೀತೀನಿ, ಮಾತು ಕೊಟ್ಟಿದ್ದೀನಲ್ಲ. ಒಂದು ಕೆಲಸ ಮಾಡಿ. ಬದುವಿನ ಪಕ್ಕದ ಎರಡು ಸಾಲಿಗೆ ಮಾತ್ರ ಬಿಂದಿಗೇಲಿ ದಿನಾ ನೀರು ಹುಯ್ರಿ. ಹೊಗೆ ನಮ್ಮ ತೋಟಕ್ಕೆ ಬರ್ಲೇ ಇಲ್ಲ ಅಂತ ನಾಳೆ ಯಾರೂ ಅನ್ನಬಾರದು."

ಚನ್ನರಾಯಪ್ಪ ಹೆಂಡತಿಯ ಮುಖ ನೋಡಿದ, ಎತ್ತುಗಳ ಮುಖ ನೋಡಿದ, ಬಿಂದಿಗೆ ಎತ್ತಿಕೊಂಡು ಬಾವಿಗಿಳಿದ.

ಮೊದಲೆರಡು ದಿನ ದಟ್ಟ ಹೊಗೆ, ಏನೂ ಗೊತ್ತಾಗಲಿಲ್ಲ. ಮೂರನೇ ದಿನ ಹೊಗೆ ತೆಳುವಾಗಿ ಬಿಸಿಲು ಬಿತ್ತು. ಮಧ್ಯಾಹ್ನದ ಹೊತ್ತಿಗೆ ಮುನಿಯಮ್ಮನ ಗಿಡಗಳು ಕಿವಿ ಜೋಲುಬಿಟ್ಟವು. ಆಚೆ ವೆಂಕಟರಾಯಪ್ಪನ ಮೋಟಾರು ಗುರ್ರೆನ್ನುತ್ತಿತ್ತು, ಅವನ ತೋಟ ತಂಪಾಗಿ ಮಿರುಗುತ್ತಿತ್ತು. ಮುನಿಯಮ್ಮ ಎಲ್ಲರಿಗೂ ಹೋಗಿ ಹೇಳಿದಳು, ತೆಳುಹೊಗೆಯ ಬಿಸಿಲಲ್ಲಿ ನೀರು ಕುಡಿದ ಗಿಡವೇ ಸುಡುತ್ತದೆ, ನೀರು ನಿಲ್ಲಿಸಿ, ನಾಲ್ಕು ದಿನ ತಡೆದುಕೊಳ್ಳಿ ಎಂದು. ಬೇಸಿಗೆಯಲ್ಲಿ ಗಿಡಕ್ಕೆ ನೀರು ನಿಲ್ಲಿಸಿ ಎನ್ನುವವಳಿಗೆ ತಲೆ ಕೆಟ್ಟಿದೆ ಎಂದು ತೀರ್ಮಾನವಾಯಿತು. ದಾರಿಯಲ್ಲಿ ಹೋಗುವವರು ಬದುವಿನ ಮೇಲೆ ನಿಂತು ಬಾಡಿದ ಗಿಡ ನೋಡಿ ನಗಾಡಿದರು.

ಅವಳು ತೋಟ ಬಿಟ್ಟು ಕದಲಲಿಲ್ಲ. ಗಿಡ ಕುಡಿಯದೆ ತಾನೂ ಒಂದು ತೊಟ್ಟು ಕುಡಿಯುವುದಿಲ್ಲ ಎಂದು ನಾಲ್ಕನೇ ದಿನ ಬೆಳಿಗ್ಗೆ ಶಪಥ ಮಾಡಿದಳು, ಮಧ್ಯಾಹ್ನ ಹನ್ನೆರಡಕ್ಕೆ ಶಪಥ ಬದಿಗಿಟ್ಟು ಒಂದು ಚೊಂಬು ಮಜ್ಜಿಗೆ ಕುಡಿದಳು. ಒಂದಷ್ಟು ಹೂವು ಉದುರಿತು. ಪ್ರತಿ ಹೂವೂ ತನ್ನ ಮಡಿಲಿಗೇ ಬಿದ್ದಂತೆ ಅವಳಿಗೆ ಸಂಕಟವಾಯಿತು. ಚನ್ನರಾಯಪ್ಪ ಮಾತ್ರ ಹಣೆಯ ಬೆವರು ಒರೆಸಿಕೊಳ್ಳುತ್ತ ಎರಡೇ ಸಾಲಿಗೆ ಬಿಂದಿಗೆ ಹೊತ್ತು ಹೊತ್ತು ನೀರು ಹುಯ್ದ.

ಐದನೇ ದಿನ ಇಳಿಹೊತ್ತಿಗೆ ಗಾಳಿ ತಿರುಗಿ ಪಡುವಣದಿಂದ ಬೀಸತೊಡಗಿತು. ಬೆಟ್ಟಗಳ ಅಂಚು ಕತ್ತರಿಸಿಟ್ಟಂತೆ ಸ್ಪಷ್ಟವಾಯಿತು. "ಈಗ ಹೊಡೀರಿ ಕಪಿಲೆ!" ಎಂದು ಮುನಿಯಮ್ಮ ಕೂಗಿದ್ದು ತಾಯಲೂರಿಗೂ ಕೇಳಿಸಿರಬೇಕು. ಕತ್ತಲಾಗುವುದರೊಳಗೆ ಪಾತಿಗಳೆಲ್ಲ ತುಂಬಿದವು. ಬೆಳಿಗ್ಗೆ ನೋಡಿದರೆ ಗಿಡಗಳು ತಲೆ ಎತ್ತಿ ನಿಂತಿದ್ದವು.

ವಾರ ತುಂಬುವುದರೊಳಗೆ ಊರಿನ ತೋಟಗಳೆಲ್ಲ ಕಂಚಿನ ಬಣ್ಣಕ್ಕೆ ತಿರುಗಿದವು. ಪ್ಯಾಕೆಟ್ ಬೀಜದ ಗಿಡಗಳೂ ಅಷ್ಟೇ, ಒಂದು ಕೈ ಮೇಲೆಯೇ ಎನ್ನಬೇಕು. ಮುನಿಯಮ್ಮ ಯಾರನ್ನೂ ಕರೆಯಲಿಲ್ಲ, ಜನ ತಾವಾಗಿಯೇ ಬಂದರು. ಅವಳು ಮೊದಲು ನೀರು ಹುಯ್ದ ಎರಡು ಸಾಲುಗಳಲ್ಲಿ ನಡೆಸಿದಳು, ಎಲೆಎಲೆಗೂ ಚುಕ್ಕಿ. ಆಮೇಲೆ ಉಳಿದ ಇಪ್ಪತ್ತು ಸಾಲುಗಳಲ್ಲಿ ನಡೆಸಿದಳು. ಅಲ್ಲಿ ಹುಡುಕಿದರೂ ಚುಕ್ಕಿ ಸಿಗಲಿಲ್ಲ. ಒಂದೇ ಬೀಜ, ಒಂದೇ ಮಣ್ಣು, ಒಂದೇ ಹೊಗೆ. ಗ್ರಾಮಸೇವಕ ಮಂಡಿಯೂರಿ ಎಲೆ ಮಗುಚಿ ಮಗುಚಿ ನೋಡಿದ. "ಅಮ್ಮಾ, ನಾನು ಹೇಳಿದ್ದು ತಪ್ಪು" ಎಂದು ಎಲ್ಲರ ಮುಂದೆ ಹೇಳಿದ. ಅಷ್ಟು ಹೇಳಲು ಆ ವಯಸ್ಸಿಗೆ ಎದೆಗಾರಿಕೆ ಬೇಕು. ಮುನಿಯಮ್ಮ ಅವನಿಗೆ ಒಂದು ಬುಟ್ಟಿ ಎಳೆಗಾಯಿ ಕೊಟ್ಟು ಕಳಿಸಿದಳು.

ವೆಂಕಟರಾಯಪ್ಪ ಬಾಗಿ ಎರಡು ಎಲೆ ಕಿತ್ತು ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದ.

"ಬೀಜದ್ದು ತಪ್ಪಲ್ಲ ಅಂತ ಒಪ್ಪಿದೆ. ಆದ್ರೆ ತಪ್ಪು ಯಾರ್ದು? ಹೊಗೆ ಹೋದ್ಮೇಲೆ ಬಂದು ಎಲೆ ಸುಡೋದು ಯಾವುದಮ್ಮ ಅದು? ಹೆಸರಿಲ್ವಾ ಅದಕ್ಕೆ? ಅದರ ಹೆಸರು ಹೇಳಿದ ದಿನ ಮೊರ ಹಿಡೀತೀನಿ."

"ಮಾತು ಕೊಟ್ಟಾಗ ಹೆಸರಿನ ಸುದ್ದಿ ಇರ್ಲಿಲ್ಲ ಭಾವ!"

"ಈಗಿದೆ" ಎಂದು ಅವನು ಜಾರಿಕೊಂಡ. ಮುಂದಿನ ಸಂಕ್ರಾಂತಿಗೆ ಹೆಂಡತಿಯ ಕೈಯಲ್ಲಿ ಮೊರ ಕಳಿಸಿದ. ಹದಿನೈದು ಮನೆಗಳ ಮೊರಗಳೂ ಬಂದವು, ಆರು ಮಡಕೆಯೂ ಬರಿದಾದವು. ಆದರೂ ಪ್ರತಿ ವರ್ಷ ವೆಂಕಟರಾಯಪ್ಪನ ಹೆಂಡತಿಯ ಮೊರಕ್ಕೆ ಬೀಜ ಸುರಿಯುವಾಗ ಮುನಿಯಮ್ಮ, "ನಮ್ಮ ಭಾವನ ಕೈಗೇನು ಲಕ್ವ ಹೊಡ್ದಿದ್ಯಾ ಅಕ್ಕಾ?" ಎಂದು ಕೇಳದೆ ಬಿಡುತ್ತಿರಲಿಲ್ಲ.

ಹೀಗೆ ಎಂಟು ವರ್ಷ ನಡೆಯಿತು. ಮೂಡಣದ ಹೊಗೆ ಕೆಲವು ವರ್ಷ ಬಂತು, ಕೆಲವು ವರ್ಷ ಬರಲಿಲ್ಲ. ಬಂದಾಗಲೆಲ್ಲ ಜನ ಮುನಿಯಮ್ಮನ ಮುಖ ನೋಡುತ್ತಿದ್ದರು. ಹೊಗೆ ತೆಳುವಾಗಿ ಬಿಸಿಲು ಚುರುಕಾದ ಕೂಡಲೇ ಅವಳು ಬದುವಿನ ಮೇಲೆ ನಿಂತು "ನೀರು ನಿಲ್ಸ್ರೋ!" ಎಂದು ಕೂಗುವಳು. ಕಪಿಲೆಗಳು ನಿಲ್ಲುವವು, ಮೋಟಾರುಗಳೂ ನಿಲ್ಲುವವು, ವೆಂಕಟರಾಯಪ್ಪನದೂ ಸೇರಿ. ಎದೆ ಹಿಡಿತದ ಚನ್ನರಾಯಪ್ಪನನ್ನು ಆ ಮಧ್ಯಾಹ್ನಗಳಲ್ಲಿ ಮನೆಯೊಳಗೆ ಕೂಡಿಹಾಕುವಳು. ತಾಯಲೂರು, ಆವನಿಯ ರೈತರೂ ಇದನ್ನು ಕಲಿತರು. ಬೆಳೆ ಪೂರ್ತಿ ಉಳಿಯುತ್ತಿತ್ತು ಎಂದಲ್ಲ, ಕಾಲುಭಾಗ ಹೂವು ಹೋಗುತ್ತಿತ್ತು. ಮುಕ್ಕಾಲು ಭಾಗ ಕೋಲಾರದ ಮಾರ್ಕೆಟ್ಟು ಮುಟ್ಟುತ್ತಿತ್ತು.

ಎಂಬತ್ತನಾಲ್ಕರ ಫೆಬ್ರವರಿಯಲ್ಲಿ ಒಂದು ಜೀಪು ಬಂದು ಮುನಿಯಮ್ಮನ ಬಾಗಿಲಲ್ಲಿ ನಿಂತಿತು. ಇಳಿದವನು ಹಳೆಯ ಗ್ರಾಮಸೇವಕ, ಈಗ ಹೊಟ್ಟೆ ಬಂದು ಅಧಿಕಾರಿಯಾಗಿದ್ದ. ಅವನ ಜೊತೆ ಬೆಂಗಳೂರಿನಿಂದ ಬಂದ ಶ್ಯಾಮಲಮ್ಮ, ಗಿಡಗಳ ಮೇಲೆ ಗಾಳಿ ಏನು ಮಾಡುತ್ತದೆ ಎಂದು ಓದುತ್ತಿದ್ದ ಹೆಂಗಸು. ಹತ್ತು ವರ್ಷದ ಹಿಂದಿನ ಕಥೆಯನ್ನು ಅವನ ಬಾಯಿಂದ ಕೇಳಿ, ನಂಬದೆ, ನೋಡಿಯೇ ಬಿಡೋಣ ಎಂದು ಬಂದಿದ್ದಳು.

ಅವಳು ಪ್ಲಾಸ್ಟಿಕ್ ಹಾಳೆಯ ಎರಡು ಸಣ್ಣ ಗುಡಾರ ಕಟ್ಟಿಸಿದಳು. ಎರಡರಲ್ಲೂ ಮುನಿಯಮ್ಮನ ಬೀಜದ ಗಿಡ, ಎರಡಕ್ಕೂ ಒಂದೇ ಅಳತೆಯ ನೀರು, ಎರಡರೊಳಕ್ಕೂ ಫ್ಯಾನು ಗಾಳಿ ತಳ್ಳುತ್ತಿತ್ತು. ಒಂದೇ ವ್ಯತ್ಯಾಸ, ಒಂದಕ್ಕೆ ಹೋಗುವ ಗಾಳಿ ಇದ್ದಿಲು ತುಂಬಿದ ಪೆಟ್ಟಿಗೆಯ ಮೂಲಕ ಹಾಯುತ್ತಿತ್ತು. ಫ್ಯಾನಿಗೆ ಕರೆಂಟು ಬೇಕಲ್ಲ, ಅದಿದ್ದದ್ದು ವೆಂಕಟರಾಯಪ್ಪನ ಮೋಟಾರು ಮನೆಯಲ್ಲಿ. ಹಾಗಾಗಿ ಗುಡಾರಗಳು ಅವನ ತೋಟದಲ್ಲೇ ಎದ್ದವು. ಅರವತ್ತೆಂಟು ದಾಟಿದ್ದ ಅವನು ದಿನಾ ಬೆಳಿಗ್ಗೆ ಕೋಲೂರಿಕೊಂಡು ಹೋಗಿ ಎರಡನ್ನೂ ಇಣುಕಿ ನೋಡಿ ಬರುವನು.

ಮಾರ್ಚಿನಲ್ಲಿ ಹೊಗೆ ಬಂತು, ತೆಳುವಾಯಿತು, ಬಿಸಿಲು ಬಿತ್ತು. ವಾರದ ಹೊತ್ತಿಗೆ ಬರೀ ಗಾಳಿಯ ಗುಡಾರದ ಗಿಡಕ್ಕೆ ಚುಕ್ಕಿ. ಇದ್ದಿಲ ಗಾಳಿಯ ಗಿಡ, ಅಷ್ಟೇ ನೀರು ಕುಡಿದಿದ್ದರೂ, ಎಳೆ ಹಸಿರು.

ಶ್ಯಾಮಲಮ್ಮ ಮೋಟಾರು ಮನೆಯ ಮುಂದೆ ಎಲ್ಲರಿಗೂ ತಿಳಿಯ ಹೇಳಿದಳು. "ಕಾಡು ಉರಿದಾಗ ಹೊಗೆ ಜೊತೆ ಕಣ್ಣಿಗೆ ಕಾಣದ ಅನಿಲಗಳೂ ಬರ್ತವೆ. ಅವುಗಳ ಮೇಲೆ ಬಿಸಿಲು ಬಿದ್ರೆ ಓಜೋನ್ ಅಂತ ಒಂದು ಹುಟ್ಟುತ್ತೆ. ಹೊಗೆ ದಟ್ಟವಾಗಿದ್ರೆ ಬಿಸಿಲು ಒಳಗೆ ಇಳಿಯಲ್ಲ, ಅದಕ್ಕೇ ಅದು ಆಗ ಕಡಿಮೆ. ಹೊಗೆ ತೆಳುವಾದ್ಮೇಲೇ ಹೆಚ್ಚು. ಮನುಷ್ಯರಿಗೂ ಎದೆ ಹಿಡಿಯುತ್ತೆ. ಎಲೆಯಲ್ಲಿ ಸೂಜಿ ಮೊನೆಗಿಂತ ಸಣ್ಣ ಬಾಯಿಗಳಿರ್ತವೆ. ನೀರು ಚೆನ್ನಾಗಿದ್ರೆ ಗಿಡ ಬಾಯಿ ತೆರೆದು ಉಸಿರಾಡುತ್ತೆ, ಓಜೋನೂ ಒಳಗೆ ಹೋಗಿ ಸುಡುತ್ತೆ. ನೀರಿಲ್ಲದಿದ್ರೆ ಬಾಯಿ ಮುಚ್ಕೊಳ್ಳುತ್ತೆ, ಬಚಾವಾಗುತ್ತೆ. ಆ ಇನ್ನೊಂದು ಗುಡಾರದಲ್ಲಿ ಓಜೋನನ್ನ ಇದ್ದಿಲೇ ತಡೆದುಬಿಡ್ತು. ಮುನಿಯಮ್ಮನವರು ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿ."

"ಅಂದ್ರೆ ಗಂಗುಲಪ್ಪನ ಗಿಡ ಬಾಯಿ ಮುಚ್ಕೊಂಡಿದ್ದಕ್ಕೆ ಬದುಕ್ಕೊಂತು" ಎಂದಳು ಮುನಿಯಮ್ಮ. "ನಾನು ಬಾಯಿ ಮುಚ್ಕೊಂಡಿದ್ರೆ ನನ್ನ ಬೀಜ ಬದುಕ್ತಿರ್ಲಿಲ್ಲ."

ಎಲ್ಲರೂ ನಕ್ಕರು. ವೆಂಕಟರಾಯಪ್ಪ ನಗಲಿಲ್ಲ.

"ಇನ್ನೊಂದ್ಸಲ ಹೇಳಮ್ಮ, ಏನದು ಹೆಸರು?"

"ಓಜೋನ್."

"ಓಜೋನು" ಎಂದ ವೆಂಕಟರಾಯಪ್ಪ. ಇನ್ನೂ ಎರಡು ಸಲ ಬಾಯಲ್ಲೇ ಹೇಳಿಕೊಂಡು, ಕೋಲೂರಿಕೊಂಡು ಮನೆ ಕಡೆ ನಡೆದ.

ಎಂಬತ್ತೈದರ ಸಂಕ್ರಾಂತಿ ಕಳೆದ ಸೋಮವಾರ. ಮುನಿಯಮ್ಮನಿಗೆ ಈಗ ಐವತ್ತೈದು, ತಲೆ ಅರ್ಧ ಬೆಳ್ಳಗಾಗಿತ್ತು. ಬಾಗಿಲಲ್ಲಿ ಹೆಂಗಸರು ಸಾಲಾಗಿ ಮೊರ ಹಿಡಿದು ನಿಂತಿದ್ದರು. ಇದ್ದಕ್ಕಿದ್ದಂತೆ ಬೀದಿಯ ಆ ತುದಿಯಿಂದ ಗದ್ದಲ ಶುರುವಾಗಿ, ಹತ್ತಿರ ಬರುತ್ತ ಬರುತ್ತ ತಣ್ಣಗಾಯಿತು. ಮುನಿಯಮ್ಮ ತಲೆ ಎತ್ತಿ ನೋಡಿದಳು.

ವೆಂಕಟರಾಯಪ್ಪ ಬರುತ್ತಿದ್ದ. ಒಗೆದ ಪಂಚೆ, ತಲೆಗೆ ಪೇಟ, ಊರುವ ಕೋಲು ಇಲ್ಲ, ಯಾಕೆಂದರೆ ಎರಡು ಕೈಯಲ್ಲೂ ಮೊರ. ಮೊರದಲ್ಲಿ ಅರಿಶಿನ ಕುಂಕುಮ, ಎಲೆ ಅಡಿಕೆ, ಯಾವುದೂ ತಪ್ಪಿರಲಿಲ್ಲ. ಹೆಂಡತಿ ಹಿಂದೆ ಹಿಂದೆ ಬಂದರೂ ಮೊರ ಮುಟ್ಟಲು ಅವನು ಬಿಟ್ಟಿರಲಿಲ್ಲ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ದಾರಿ ಬಿಟ್ಟರು.

"ಹೆಸರು ಸಿಕ್ತು, ಬಂದಿದ್ದೀನಿ" ಎಂದ. "ಊರ ಮುಂದೆ ನಿನ್ನ ಬೀಜಕ್ಕೆ ಕೆಟ್ಟ ಹೆಸರು ಕೊಟ್ಟವ್ನು ನಾನು. ಊರ ಮುಂದೇನೇ ಅದನ್ನ ವಾಪಸ್ ತಗೊಳ್ತಿದ್ದೀನಿ. ಅಳ್ದು ಹಾಕಮ್ಮ."

ಹನ್ನೊಂದು ವರ್ಷದಿಂದ ಈ ದಿನಕ್ಕೆಂದು ಮುನಿಯಮ್ಮ ಎಷ್ಟೋ ಚುಚ್ಚುಮಾತು ಕೂಡಿಟ್ಟಿದ್ದಳು. ಒಂದೂ ನೆನಪಿಗೆ ಬರಲಿಲ್ಲ. ಕಣ್ಣು ತುಂಬಿ ಸೇರು ಸರಿಯಾಗಿ ಕಾಣಲಿಲ್ಲ. ಯಾವಾಗಲೂ ತಲೆ ತಟ್ಟಿ ಮಟ್ಟವಾಗಿ ಅಳೆಯುವ ಸೇರನ್ನು ಅವಳು ಅವತ್ತು ಗೋಪುರವಾಗುವಂತೆ ತುಂಬಿ, ಭಾವನ ಮೊರಕ್ಕೆ ಸುರಿದಳು.

"ನಿಧಾನ ಭಾವ, ಎರಡೂ ಕೈಲಿ ಹಿಡ್ಕೊಳ್ಳಿ" ಎಂದಳು. "ಒಂದು ಬೀಜಾನೂ ಚೆಲ್ಲಬಾರದು."

ಅವನು ಒಂದನ್ನೂ ಚೆಲ್ಲದೆ ಮನೆಯವರೆಗೂ ಒಯ್ದ.